ಆರ್ಥೋ ಸೀಟು ಹಿಡಿಯುವ ಮೊದಲು ಓಟಿ ರಿಜಿಸ್ಟರ್ ನೋಡಿ

ಮೆಡಿಕಲ್ ಪಿಜಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ) ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್ ಹತ್ತಿರ ಬಂದರೆ ಜೂನಿಯರ್‌ಗಳ ಫೋನ್ ಶುರು. "ಅಣ್ಣಾ, ಆರ್ಥೋಗೆ (ಮೂಳೆ ಚಿಕಿತ್ಸೆ ವಿಭಾಗಕ್ಕೆ) ಯಾವ ಕಾಲೇಜು ಮೊದಲು ಹಾಕಲಿ?" ನಾನು ಎಡವಿದ ಕಡೆ ನೀವೂ ಎಡವಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ.

ಸೇರುವ ಮೊದಲು ಅಪ್ಪನ ಜೊತೆ ನನ್ನ ಖಾಸಗಿ ಕಾಲೇಜು ನೋಡಲು ಹೋಗಿದ್ದೆ. ಹೊಸ ಓಟಿ (ಆಪರೇಷನ್ ಥಿಯೇಟರ್), ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಹೊಸ ಸಿ-ಆರ್ಮ್, ವಾರ್ಡ್ ತುಂಬಾ ರೋಗಿಗಳು. ಅಲ್ಲಿ ಓದುತ್ತಿದ್ದ ಇಬ್ಬರು ಪಿಜಿಗಳನ್ನು ಮಾತಾಡಿಸಿದೆ, ಪಕ್ಕದಲ್ಲೇ ಪ್ರೊಫೆಸರ್ ನಿಂತಿದ್ದರು. "ಚೆನ್ನಾಗಿದೆ" ಅಂದರು. ಇನ್ನೇನು ಹೇಳುತ್ತಾರೆ, ಅಲ್ವಾ? ಅದು ಇನ್‌ಸ್ಪೆಕ್ಷನ್ ವಾರ ಅಂತ ಸೇರಿದ ಮೇಲೆ ಗೊತ್ತಾಯಿತು. ಆಮೇಲೆ ಅರ್ಧ ಹಾಸಿಗೆ ಖಾಲಿ.

ಬರುತ್ತಿದ್ದ ಕೇಸುಗಳನ್ನು ಹೊರಗಿನ ಸರ್ಜನ್‌ಗಳು ಬಂದು ಮಾಡಿ ಹೋಗುತ್ತಿದ್ದರು. ನಾನು ರೋಗಿಯ ಕಾಲು ಹಿಡಿದು ನಿಲ್ಲುತ್ತಿದ್ದೆ. ಎಕ್ಸ್-ರೇ ಕಿರಣ ತಡೆಯುವ ಲೆಡ್ ಏಪ್ರನ್ ಎರಡೇ ಇದ್ದವು, ಜೂನಿಯರ್‌ಗೆ ಸಿಗುತ್ತಿರಲಿಲ್ಲ. ಲಾಗ್ ಬುಕ್‌ನಲ್ಲಿ ಮಾತ್ರ ನಾನು ಮಾಡದ ಕೇಸುಗಳೂ ನನ್ನ ಹೆಸರಲ್ಲಿದ್ದವು.

ಎರಡನೇ ವರ್ಷ 3 ತಿಂಗಳ ಡಿಆರ್‌ಪಿಗೆ (ಪಿಜಿಗಳು ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಬೇಕಾದ ಕೆಲಸ) ಜಿಲ್ಲಾ ಆಸ್ಪತ್ರೆಗೆ ಹಾಕಿದರು. ಬಿದ್ದು ಮಣಿಕಟ್ಟು ಮುರಿದುಕೊಂಡ ಅಜ್ಜಿ ಒಬ್ಬರು ಬಂದಿದ್ದರು. ಅಲ್ಲಿನ ಸರ್ "ಕೆ-ವೈರ್ (ಮುರಿದ ಮೂಳೆ ಹಿಡಿದಿಡುವ ತೆಳು ಲೋಹದ ಕಡ್ಡಿ) ನೀನೇ ಹಾಕಪ್ಪ" ಅಂತ ಡ್ರಿಲ್ ಕೊಟ್ಟರು. ನನ್ನ ಕೈ ನಡುಗಿತು. ಅವರು ನನ್ನ ಕೈ ಮೇಲೆ ಕೈಯಿಟ್ಟು ಮಾಡಿಸಿದರು. ಎರಡನೇ ವರ್ಷದ ಪಿಜಿಗೆ ಅಷ್ಟು ಸಣ್ಣ ಕೆಲಸಕ್ಕೆ ಕೈ ನಡುಗಬಾರದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿಟ್ಟು ಬರಬಹುದಿತ್ತಲ್ಲ ಅಂತ ಕೇಳುತ್ತಾರೆ. ಒರಿಜಿನಲ್ ದಾಖಲೆಗಳೆಲ್ಲ ಕಾಲೇಜಿನಲ್ಲಿ, ಸೀಟು ಬಿಟ್ಟರೆ ದಂಡ ಬೇರೆ. ಅಪ್ಪ ಆಗಲೇ ಸಾಲ ಮಾಡಿದ್ದರು.

ಹಾಗಾಗಿ ಹೇಳುತ್ತೇನೆ, ಹೇಳದೆ ಕೇಳದೆ ಒಂದು ಮಾಮೂಲಿ ಮಂಗಳವಾರ ಹೋಗಿ. ರಾತ್ರಿ ಹತ್ತರ ಮೇಲೆ ಕ್ಯಾಶುವಾಲ್ಟಿಯಲ್ಲಿ ಕೂತು ನೋಡಿ. ಆಕ್ಸಿಡೆಂಟ್ ಕೇಸು ಅಲ್ಲೇ ಉಳಿಯುತ್ತದಾ, ಬರೀ ಸ್ಲ್ಯಾಬ್ (ಪ್ಲಾಸ್ಟರ್ ಪಟ್ಟಿ) ಹಾಕಿ ಬೇರೆ ಕಡೆ ಕಳಿಸುತ್ತಾರಾ? ಎರಡನೇ ವರ್ಷದ ಪಿಜಿಯನ್ನು ಟೀ ಕುಡಿಯಲು ಹೊರಗೆ ಕರೆಯಿರಿ. ಕಾಲೇಜು ಹೇಗಿದೆ ಅಂತ ಕೇಳಬೇಡಿ. ಕಳೆದ ತಿಂಗಳು ನೀವೇ ಕೈಯಾರೆ ಏನೇನು ಮಾಡಿದಿರಿ ಅಂತ ಕೇಳಿ. ಮುರಿದ ಮೂಳೆಗೆ ಹಾಕಿದ ನೇಲ್ (ರಾಡ್) ಎಷ್ಟು, ಪ್ಲೇಟ್ ಎಷ್ಟು, ಪಕ್ಕದಲ್ಲಿ ಯಾರಿದ್ದರು? ಆ ಮಾತು ಓಟಿ ರಿಜಿಸ್ಟರ್ ಜೊತೆ ತಾಳೆ ಆಗಬೇಕು. ರಿಜಿಸ್ಟರ್ ತೋರಿಸಲು ಒಪ್ಪದಿದ್ದರೆ ಆ ಕಾಲೇಜನ್ನು ಪಟ್ಟಿಯಲ್ಲಿ ಕೆಳಗೆ ಹಾಕಿ. ಮಂಡಿ ಬದಲಿಸುವ ರೋಬೋಟ್ ಇದೆ ಅಂತ ಮರುಳಾಗಬೇಡಿ, ಪಿಜಿ ಕಲಿಯುವುದು ಜಾಸ್ತಿ ಟ್ರಾಮಾದಲ್ಲೇ (ಅಪಘಾತ, ಮೂಳೆ ಮುರಿತದ ಕೇಸುಗಳಲ್ಲೇ).

ಸ್ಟೈಪೆಂಡ್ ಎಷ್ಟು ಅಂತಲೂ ಸುಮ್ನೆ ಕೇಳಬೇಡಿ. ಖಾತೆಗೆ ಬಂದ ಮೇಲೆ ವಾಪಸ್ ಕೇಳುತ್ತಾರಾ ಅಂತ ಕೇಳಿ. ನಮ್ಮಲ್ಲಿ ಪ್ರತಿ ತಿಂಗಳೂ ಕೇಳುತ್ತಿದ್ದರು.