ಹತ್ತಿಗೆ ಮೂಗುದಾರ: ಮೆಪಿಕ್ವಾಟ್ ಕ್ಲೋರೈಡ್ ಆರು ಹಂಗಾಮು ಹೊಡೆದು ನೋಡಿದ ಮೇಲೆ

ನಮ್ಮದು ದೇವದುರ್ಗ ತಾಲ್ಲೂಕಿನ ಎರೆ ಹೊಲ. ಎರಡು ಎಕರೆಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ. ಉಳಿದ ಮೂರು ಎಕರೆ ಮಳೆ ನಂಬಿದ್ದು. ಎರಡೂ ಕಡೆ ಬಿಟಿ ಹತ್ತಿ. 2019ರಿಂದ 2024ರವರೆಗೆ ಆರು ಹಂಗಾಮು ಮೆಪಿಕ್ವಾಟ್ ಕ್ಲೋರೈಡ್ 5% ಬಳಸಿದ್ದೇನೆ. ನಮ್ಮ ಕಡೆ ಇದಕ್ಕೆ 'ಎತ್ತರ ತಡೆಯೋ ಎಣ್ಣೆ' ಅಂತಾರೆ. ಬೇರೆ ಬೇರೆ ಕಂಪನಿಗಳ ಬಾಟಲಿ ತಂದಿದ್ದೇನೆ, ಒಳಗಿನ ಮದ್ದು ಒಂದೇ. ಹಾಗಾಗಿ ಇದು ಮದ್ದಿನ ವಿಮರ್ಶೆ, ಕಂಪನಿಯದ್ದಲ್ಲ.

ಶುರು ಮಾಡಿದ್ದು ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬೈಗುಳದಿಂದ. 2019ರಲ್ಲಿ ಮಳೆ ಜಾಸ್ತಿಯಾಯಿತು. ಯೂರಿಯಾ ಹಾಕುವುದರಲ್ಲಿ ನನ್ನ ಕೈಯೂ ಸ್ವಲ್ಪ ಧಾರಾಳ. ಕಾಲುವೆ ಹೊಲದ ಹತ್ತಿ ಆರಡಿ ದಾಟಿತು. ಒಳಗೆ ಹೋದವರು ಕಾಣುತ್ತಿರಲಿಲ್ಲ. ಮೇಲಿನ ಕಾಯಿ ಕೈಗೆ ಎಟಕದು, ಬಗ್ಗಿಸಿದರೆ ಟೊಂಗೆ ಮುರಿಯುತ್ತದೆ. ಕೆಳಗಿನ ಕಾಯಿಗೆ ಬಿಸಿಲೇ ಬೀಳದೆ ಕೊಳೆತಿದ್ದವು. "ಇದೇನು ಹತ್ತಿ ಹೊಲವೋ, ಕಾಡೋ? ಹಾವು ಕಡಿದರೆ ಯಾರು ನೋಡ್ತಾರೆ?" ಅಂದರು. ತಪ್ಪೇನಿದೆ, ಅಲ್ವಾ?

ಅವತ್ತೇ ಗೊಬ್ಬರದ ಅಂಗಡಿಗೆ ಹೋಗಿ ಬಾಟಲಿ ತಂದು ಹೊಡೆದೆ. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಗಿಡದೊಳಗೆ ಜಿಬ್ಬರೆಲಿನ್ ಅನ್ನುವ ಹಾರ್ಮೋನ್ ಇರುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಇರುವ ಅಂತರ ಉದ್ದವಾಗುವುದು ಅದರಿಂದ. ಮೆಪಿಕ್ವಾಟ್ ಆ ಹಾರ್ಮೋನ್ ತಯಾರಾಗುವುದನ್ನು ತಗ್ಗಿಸುತ್ತದೆ. ಮುಂದೆ ಬರುವ ಗೆಣ್ಣುಗಳು ಒತ್ತೊತ್ತಾಗಿ ಬರುತ್ತವೆ. ಆಗಲೇ ಬೆಳೆದು ನಿಂತದ್ದು ಕುಗ್ಗುವುದಿಲ್ಲ. ಇದು ಅಂಗಡಿಯವನಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಹೇಳಲಿಲ್ಲ.

2020ರಲ್ಲಿ ಸರಿಯಾಗಿ ಮಾಡಿದೆ. ಮೊಗ್ಗು ಕಾಣಿಸಿಕೊಂಡ ಮೇಲೆ, ಸುಮಾರು 45 ದಿನಕ್ಕೆ ಒಮ್ಮೆ, 65 ದಿನಕ್ಕೆ ಇನ್ನೊಮ್ಮೆ. ಲೀಟರ್ ನೀರಿಗೆ 1 ಮಿಲಿ, 16 ಲೀಟರಿನ ಪಂಪಿಗೆ 16 ಮಿಲಿ. ನನ್ನ ಅಳತೆ ಇದು. ನೀವು ನಿಮ್ಮ ಬಾಟಲಿಯ ಮೇಲಿರುವುದನ್ನು ಓದಿಕೊಳ್ಳಿ. ನಡುವೆ ಹತ್ತು ಸಾಲು ಬೇಕಂತಲೇ ಹಾಗೇ ಬಿಟ್ಟೆ. ಅಪ್ಪ ನಕ್ಕರು, "ಹೊಲವೇನು ಕಾಲೇಜಾ?" ಅಂತ. ಆದರೆ ಆ ಹತ್ತು ಸಾಲಿನಿಂದ ಕಲಿತಷ್ಟು ಯಾವ ಅಂಗಡಿಯಲ್ಲೂ ಕಲಿಯಲಿಲ್ಲ.

ಎಂಟು–ಹತ್ತು ದಿನದಲ್ಲಿ ಹೊಡೆದ ಕಡೆ ಎಲೆ ಕಡು ಹಸಿರಾಯಿತು, ಮುಟ್ಟಿದರೆ ದಪ್ಪ ಅನಿಸುತ್ತಿತ್ತು. ಜನ ಇದನ್ನು ನೋಡಿ 'ಟಾನಿಕ್' ಅಂದುಕೊಳ್ಳುತ್ತಾರೆ. ಟಾನಿಕ್ ಅಲ್ಲ ಇದು. ಕೊನೆಗೆ ಬಿಟ್ಟ ಸಾಲು ಐದೂವರೆ ಅಡಿ, ಹೊಡೆದದ್ದು ನಾಲ್ಕಡಿ ಚಿಲ್ಲರೆ. ಹತ್ತಿಯನ್ನು ಬೇರೆ ಬೇರೆ ತೂಗಿದೆ. ಬಿಟ್ಟ ಹತ್ತು ಸಾಲಿಗೆ 158 ಕೆಜಿ, ಪಕ್ಕದ ಹತ್ತು ಸಾಲಿಗೆ 169. ಹನ್ನೊಂದು ಕೆಜಿ ವ್ಯತ್ಯಾಸ. ಅದೇ ಹೊಲದಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ. ಹಾಗಾಗಿ ಇಳುವರಿ ಏರಿತು ಅಂತ ನಾನು ಎದೆ ತಟ್ಟಿ ಹೇಳುವುದಿಲ್ಲ.

ನಿಜವಾದ ವ್ಯತ್ಯಾಸ ಮೊದಲ ಬಿಡಿಸುವಿಕೆಯಲ್ಲಿ ಕಂಡಿತು. ಹೊಡೆದ ಸಾಲಿನಲ್ಲಿ ಮೊದಲ ಸಲವೇ 70 ಕೆಜಿ ಸಿಕ್ಕಿತು, ಬಿಟ್ಟದ್ದರಲ್ಲಿ 48. ಕಾಯಿ ಬೇಗ ಒಡೆದಿತ್ತು, ಕೆಳಗಿನವು ಕೊಳೆತಿರಲಿಲ್ಲ. ಗುಲಾಬಿ ಕಾಯಿಕೊರಕ ಬಂದ ಮೇಲೆ ನಮಗೆ ಈ ಬೇಗ ಅನ್ನುವುದೇ ದೊಡ್ಡ ಲಾಭ. ಡಿಸೆಂಬರಿನೊಳಗೆ ಬೆಳೆ ಮುಗಿಸಿ ಕಟ್ಟಿಗೆ ಕಿತ್ತರೆ ಹುಳಕ್ಕೆ ಮುಂದಿನ ಊಟ ಸಿಗುವುದಿಲ್ಲ. ಎತ್ತಿಗೆ ಮೂಗುದಾರ ಹಾಕಿದರೆ ಅದರ ಬಲ ಹೆಚ್ಚುವುದಿಲ್ಲ. ಸಾಲು ಬಿಟ್ಟು ಹೋಗುವುದಿಲ್ಲ, ಅಷ್ಟೇ. ಇದೂ ಹಾಗೆ.

2021ರಲ್ಲಿ ನಾನೇ ಒಂದು ಎಡವಟ್ಟು ಮಾಡಿಕೊಂಡೆ. ನಮ್ಮ ಪಂಪ್ ಕೆಟ್ಟಿತ್ತು, ಗೆಳೆಯನ ಪಂಪ್ ತಂದೆ. ಅವನು ಅದರಲ್ಲಿ ಜೋಳಕ್ಕೆ 2,4-ಡಿ ಕಳೆನಾಶಕ ಹೊಡೆದಿದ್ದ. ನಾನು ಒಂದು ಸಲ ಸುಮ್ನೆ ನೀರು ಆಡಿಸಿ ತೊಳೆದೆ. ವಾರದಲ್ಲಿ ಹೊಸ ಎಲೆಗಳೆಲ್ಲ ಸೀಳಿ, ಬೆಂಡೆ ಎಲೆಯ ಹಾಗೆ ಬೆರಳು ಬೆರಳಾಗಿ ಬಂದವು. ಹದಿನೈದು ದಿನ ಮೆಪಿಕ್ವಾಟನ್ನೇ ಬೈದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಡೆ ಹೋದಾಗ ಎಲೆ ಒಯ್ದು ತೋರಿಸಿದೆ. ನೋಡಿದ ತಕ್ಷಣ ಅಲ್ಲಿನವರು ಕೇಳಿದ್ದು ಒಂದೇ ಮಾತು: "ಪಂಪ್ ಯಾರದು?" ಹತ್ತಿಗೆ 2,4-ಡಿ ಒಂದು ಹನಿ ಸಾಕು ಅಂತೆ. ಈಗ ಕಳೆನಾಶಕದ ಪಂಪೇ ಬೇರೆ, ಅದಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ.

2022ರಲ್ಲಿ ಮಳೆ ಬಿಡದೆ ಸುರಿಯಿತು. ಕಾಲುವೆ ಹೊಲದಲ್ಲಿ ಎರಡು ಸಲ ಹೊಡೆದದ್ದು ಚೆನ್ನಾಗಿ ಕೆಲಸ ಮಾಡಿತು. ತೊಂದರೆ ಒಂದೇ, ಹೊಡೆದ ಮೇಲೆ ಏಳೆಂಟು ಗಂಟೆ ಮಳೆ ಬರಬಾರದು. ಅಂಥ ದಿನ ಹುಡುಕುವುದೇ ಕಷ್ಟವಾಯಿತು.

ಇನ್ನು 2023. ಈ ಭಾಗವನ್ನು ದಯವಿಟ್ಟು ನಿಧಾನಕ್ಕೆ ಓದಿ. ಜೂನ್ ಕೈಕೊಟ್ಟಿತು, ಜುಲೈ ಮಳೆಗೆ ಬಿತ್ತಿದೆವು. ಗಿಡ ಚುರುಕಾಗಿ ಎದ್ದವು. ಆಗಸ್ಟ್ ಹೊತ್ತಿಗೆ ಮಳೆ ನಿಂತಿತ್ತು, ಆದರೆ ಒಂದು ದಿನ ದಟ್ಟ ಮೋಡ ಕಂಡಿತು. ಮನೆಯಲ್ಲಿ ಬಾಟಲಿ ಇತ್ತು. ಮಳೆ ಬಂದರೆ ಮತ್ತೆ ಕೈಮೀರುತ್ತದೆ ಅಂತ ಮಳೆ ಹೊಲದ ಒಂದು ಎಕರೆಗೆ ಹೊಡೆದುಬಿಟ್ಟೆ. ಮಳೆ ಬರಲೇ ಇಲ್ಲ. ದೇಶದಲ್ಲಿ 1901ರ ನಂತರದ ಅತಿ ಒಣ ಆಗಸ್ಟ್ ಅದು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ. ನೀರಿಲ್ಲದೆ ಗಿಡ ತಾನೇ ನಿಂತಿರುತ್ತದೆ, ಅದರ ಮೇಲೆ ನಾನು ಇನ್ನೊಂದು ಬೀಗ ಹಾಕಿದ್ದೆ. ಎರಡಡಿಗೆ ನಿಂತವು ಮುಂದಿನ ಮಳೆಗೂ ಏಳಲಿಲ್ಲ. ಪಕ್ಕದ ಹೊಡೆಯದ ಎರಡು ಎಕರೆಯಲ್ಲಿ ಬಂದದ್ದೇ ಕಡಿಮೆ. ಇಲ್ಲಿ ಅದರ ಅರ್ಧವೂ ಬರಲಿಲ್ಲ. ಬರಕ್ಕೆ ಬೈಯುತ್ತಾ ಕೂತಿದ್ದರೂ ಒಳಗೆ ಗೊತ್ತಿತ್ತು, ಆ ಒಂದು ಎಕರೆ ನನ್ನ ಕೈಯಾರೆ ಹೋದದ್ದು.

ಅಲ್ಲಿಂದ ಮುಂದೆ ದಿನ ಎಣಿಸಿ ಹೊಡೆಯುವುದನ್ನು ಬಿಟ್ಟೆ, ಗಿಡ ನೋಡಿ ಹೊಡೆಯುತ್ತೇನೆ. ತುದಿಯಿಂದ ಕೆಳಗೆ ಎಣಿಸಿ ನಾಲ್ಕನೇ ಮತ್ತು ಐದನೇ ಗೆಣ್ಣಿನ ನಡುವೆ ಬೆರಳಿಟ್ಟು ನೋಡುತ್ತೇನೆ. ನಾಲ್ಕು ಬೆರಳು, ಅಂದರೆ ಮೂರು ಇಂಚು ಮೀರಿದ್ದರೆ ಗಿಡ ಸೊಕ್ಕಿದೆ ಅಂತ ಅರ್ಥ. ಎರಡು ಇಂಚಿಗಿಂತ ಕಡಿಮೆ ಇದ್ದರೆ ಬಾಟಲಿ ಮುಟ್ಟುವುದಿಲ್ಲ. ಹೊಲದಲ್ಲಿ ಇಪ್ಪತ್ತು ಗಿಡ ನೋಡಿದರೆ ಸಾಕು. ಹೂವು ಬಂದ ಮೇಲೆ ಇನ್ನೊಂದು ಲೆಕ್ಕ. ಹತ್ತಿ ಹೂ ಮೊದಲ ದಿನ ಬಿಳಿ, ಮರುದಿನ ಕೆಂಪಗೆ. ಎಲ್ಲಕ್ಕಿಂತ ಮೇಲಿನ ಬಿಳಿ ಹೂವಿನಿಂದ ತುದಿಯವರೆಗೆ ಐದು ಗೆಣ್ಣಿಗಿಂತ ಕಡಿಮೆ ಇದ್ದರೆ ಗಿಡ ತಾನಾಗಿಯೇ ಬೆಳವಣಿಗೆ ನಿಲ್ಲಿಸುತ್ತಿದೆ. ಆಗ ಹೊಡೆದರೆ ದುಡ್ಡು ದಂಡ.

ಖರ್ಚು? ಎಕರೆಗೆ ಒಂದು ಸಲಕ್ಕೆ ಮದ್ದು, ಕೂಲಿ ಸೇರಿ ನನಗೆ 700 ರೂಪಾಯಿ ಆಸುಪಾಸು. 80–90 ದಿನಕ್ಕೆ ಕೈಯಿಂದ ಕುಡಿ ಚಿವುಟಿಸಿದರೂ ಸುಮಾರು ಅಷ್ಟೇ ಆಗುತ್ತದೆ. ಆಳು ಸಿಕ್ಕರೆ ಮಳೆ ಹೊಲಕ್ಕೆ ಈಗಲೂ ನನ್ನ ಓಟು ಚಿವುಟುವುದಕ್ಕೇ. ಅದರಲ್ಲಿ 2023ರಂಥ ಅಪಾಯ ಇಲ್ಲ.

ಕೆಲವರು ಇದನ್ನೂ ಪ್ಲಾನೋಫಿಕ್ಸನ್ನೂ ಒಂದೇ ಅಂದುಕೊಳ್ಳುತ್ತಾರೆ. ಪ್ಲಾನೋಫಿಕ್ಸ್ ಅಂದರೆ ಎನ್‌ಎಎ ಅನ್ನುವ ಬೇರೆಯೇ ಹಾರ್ಮೋನ್ ಮದ್ದು, ಮೊಗ್ಗು ಮತ್ತು ಎಳೆ ಕಾಯಿ ಉದುರುವುದನ್ನು ಕಡಿಮೆ ಮಾಡಲು. ಅದಕ್ಕೆ ಅಳತೆ ಬಹಳ ಸಣ್ಣದು, ನಾನು 16 ಲೀಟರಿಗೆ 4 ಮಿಲಿ ಹಾಕುತ್ತೇನೆ. ಮುಚ್ಚಳದ ಲೆಕ್ಕದಲ್ಲಿ ಸುರಿದರೆ ಕೆಲಸ ಉಲ್ಟಾ ಆಗುತ್ತದೆ. ಸಣ್ಣ ಸಿರಿಂಜ್ ಇಟ್ಟುಕೊಳ್ಳಿ. ಇನ್ನು ಎಲೆ ಕೆಂಪಾಗುವುದಕ್ಕೆ ಇವೆರಡೂ ಮದ್ದಲ್ಲ, ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಬೇಕು.

2024ರಲ್ಲಿ ಕಾಲುವೆ ಹೊಲದ ಅರ್ಧ ಎಕರೆಯಲ್ಲಿ ಒತ್ತು ಬಿತ್ತನೆ ಮಾಡಿದೆ. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15. ಮಾಮೂಲಿ 60ರ ಅಂತರಕ್ಕೆ ಹೋಲಿಸಿದರೆ ಗಿಡ ನಾಲ್ಕು ಪಟ್ಟು. ಬಿಜಿ-2 ಅನ್ನುವ ಬಿಟಿ ಬೀಜದ ಪ್ಯಾಕೆಟ್ಟಿಗೆ 864 ರೂಪಾಯಿ ಇದ್ದಾಗ ಬೀಜದ ಖರ್ಚೇ ಕಣ್ಣಿಗೆ ಕುಕ್ಕಿತು. ಇಂಥ ಬಿತ್ತನೆಗೆ ಮಾತ್ರ ಮೆಪಿಕ್ವಾಟ್ ಇಲ್ಲದೆ ನಡೆಯುವುದೇ ಇಲ್ಲ. ಒಂದು ವರ್ಷ ಅರ್ಧ ಎಕರೆ ನೋಡಿ ಹೆಚ್ಚು ಹೇಳಲಾರೆ.

ಐದಕ್ಕೆ ಎಷ್ಟು ಅಂತ ಕೇಳಿದರೆ ಕಾಲುವೆ ಹೊಲಕ್ಕೆ ನಾಲ್ಕು, ಮಳೆ ಹೊಲಕ್ಕೆ ಎರಡು ಕೊಡುತ್ತೇನೆ. ಬಿಡಿಸಲು ಬರುವ ಹೆಣ್ಣುಮಕ್ಕಳನ್ನು ಕೇಳಿದರೆ ಐದಕ್ಕೆ ಐದು ಕೊಟ್ಟಾರು. ಈಗ ಕೂಲಿ ಮಾತಾಡುವ ಮೊದಲು ಅವರು ಬದುವಿನ ಮೇಲೆ ನಿಂತು ಗಿಡ ಎಷ್ಟೆತ್ತರ ಅಂತ ನೋಡುತ್ತಾರೆ.