ಬ್ಲೀಚಿಂಗ್ ಪೌಡರೋ, ವಿರ್ಕಾನೋ, ಹಂಡೆಯ ಬಿಸಿನೀರೋ? ಕಾಸರಗೋಡಿನ ಮಳೆಯಲ್ಲಿ ಕಪ್ಪೆ ಸಮೀಕ್ಷೆ

ಕಪ್ಪೆ ನೋಡಲು ರಾತ್ರಿ ಟಾರ್ಚ್ ಹಿಡಿದು ಪಾರೆ ಹತ್ತುವವರು ನಮ್ಮ ಕಡೆ ಹೆಚ್ಚುತ್ತಿದ್ದಾರೆ. ಸಂತೋಷದ ವಿಷಯ. ಆದರೆ ಪೈವಳಿಕೆಯ ಒಂದು ಮದಕದ (ಕೆರೆಯ) ಕೆಸರನ್ನು ಬೂಟಿನಲ್ಲಿ ಹೊತ್ತುಕೊಂಡೇ ಪೊಸಡಿ ಗುಂಪೆ ಗುಡ್ಡದ ಪಳ್ಳಕ್ಕೆ (ನೀರು ನಿಲ್ಲುವ ಹೊಂಡಕ್ಕೆ) ಇಳಿದರೆ, ಕಪ್ಪೆಗಳ ರೋಗವನ್ನು ನಾವೇ ಊರಿಂದೂರಿಗೆ ದಾಟಿಸಿದಂತೆ. ಕಪ್ಪೆಗಳ ಚರ್ಮಕ್ಕೆ ಅಂಟಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರವನ್ನು 1998ರಲ್ಲಿ ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಸತ್ತ ಕಪ್ಪೆಗಳಲ್ಲಿ ಗುರುತಿಸಿದರು. ಅದರಿಂದ ಕನಿಷ್ಠ 501 ಉಭಯವಾಸಿ ಪ್ರಭೇದಗಳು ಕುಸಿದಿವೆ, ಅವುಗಳಲ್ಲಿ 90 ನಾಶವಾಗಿರಬಹುದು ಎಂಬುದು 2019ರ ಅಂದಾಜು. ಪಶ್ಚಿಮ ಘಟ್ಟದ ಉತ್ತರ ಭಾಗದಲ್ಲಿ ಈ ಶಿಲೀಂಧ್ರ ಇರುವುದನ್ನು 2013ರಲ್ಲಿ ಪ್ರಕಟಿಸಿದರು. ಜೊತೆಗೆ ರಾನಾವೈರಸ್ ಎಂಬ ಇನ್ನೊಂದು ಪಿಡುಗೂ ಇದೆ. ಹೊರಗಿನ ಪುಸ್ತಕಗಳು ಹೇಳುವ ಶುದ್ಧೀಕರಣದ ಉಪಾಯಗಳೆಲ್ಲ ಕಾಗದದ ಮೇಲೆ ಸಮನಾಗಿ ಕಾಣುತ್ತವೆ. ಎಣ್ಮಕಜೆ, ಬಾಯಾರು, ಮುಳ್ಳೇರಿಯಾ ಕಡೆಯ ತೋಟಗಳಲ್ಲಿ ಬಳಸಿ ನೋಡಿದ ಮೇಲೆ ನನಗೆ ಅವು ಸಮನಲ್ಲ.

ಮೊದಲು ಒಣಗಿಸುವ ಮಾತು. ಪೂರ್ತಿ ಒಣಗಿದರೆ ಕೈಟ್ರಿಡ್ ಸಾಯುತ್ತದೆ, ಖರ್ಚೂ ಇಲ್ಲ. ಏಪ್ರಿಲ್‌ನಲ್ಲಿ ಮುರಕಲ್ಲಿನ ಪಾರೆಯ ಮೇಲೆ ಬೂಟು ಇಟ್ಟರೆ ಮಧ್ಯಾಹ್ನದೊಳಗೆ ಸುಡುವಷ್ಟು ಒಣಗುತ್ತದೆ. ಆದರೆ ನಮಗೆ ಕಪ್ಪೆ ಸಿಗುವುದು ಜೂನ್‌ನಿಂದ. ಆಟಿ ತಿಂಗಳಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗದ ಊರಿನಲ್ಲಿ ಬೂಟಿನ ಒಳಪದರ ಒಣಗುತ್ತದೆಯೇ? ಮಳೆಗಾಲದ ಸಮೀಕ್ಷೆಗೆ ಈ ಉಪಾಯವನ್ನು ಲೆಕ್ಕದಿಂದಲೇ ತೆಗೆಯಬೇಕು.

ಬ್ಲೀಚಿಂಗ್ ಪೌಡರ್ ನನ್ನ ಮೊದಲ ಆಯ್ಕೆ. ಬಾವಿಗೆ ಹಾಕಲೆಂದು ಮನೆಮನೆಯಲ್ಲೂ ಇರುತ್ತದೆ. ಹೊಸ ಪೊಟ್ಟಣದಲ್ಲಿ ಸುಮಾರು ಶೇ. 30ರಷ್ಟು ಕ್ಲೋರಿನ್ ಇರುವುದರಿಂದ, ಲೀಟರಿಗೆ 35 ಗ್ರಾಂ ಕಲಸಿ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿ ತೆಗೆದರೆ ಶೇ. 1ರ ದ್ರಾವಣ ಸಿಗುತ್ತದೆ. ಕೈಟ್ರಿಡ್‌ಗೆ ಅದು ಒಂದು ನಿಮಿಷದ ಕೆಲಸ, ಆದರೂ ನಾನು ಐದು ನಿಮಿಷ ಬಿಡುತ್ತೇನೆ. ಕೆಸರು ಹಾಗೇ ಇದ್ದರೆ ಮಾತ್ರ ಇದು ಸೋಲುತ್ತದೆ: ಮಣ್ಣು, ಕೊಳೆತ ಎಲೆ ಕ್ಲೋರಿನ್ನನ್ನು ನುಂಗಿಬಿಡುತ್ತವೆ. ಹಾಗಾಗಿ ಗಟ್ಟಿ ಬ್ರಶ್ ಮೊದಲು, ಬ್ಲೀಚ್ ಆಮೇಲೆ. ಮಳೆಯ ತೇವ ತಾಗಿ ಹಳತಾದ ಪುಡಿಯನ್ನು ನಂಬಬಾರದು. ಹತ್ತಿಯ ಬಲೆ, ಕಬ್ಬಿಣದ ಕೊಂಡಿಗಳನ್ನು ಇದು ತಿನ್ನುತ್ತದೆ.

ವಿರ್ಕಾನ್ ಎಸ್ ಕೋಳಿ ಫಾರಂನವರಿಗೆ ಪರಿಚಿತ ಪುಡಿ. ಲೀಟರಿಗೆ 10 ಗ್ರಾಂ ಕಲಸಿದ ಗುಲಾಬಿ ದ್ರಾವಣ ಕೈಟ್ರಿಡ್ ಮತ್ತು ರಾನಾವೈರಸ್ ಎರಡನ್ನೂ ಕೊಲ್ಲುತ್ತದೆ, ಬಲೆಗೂ ಬೂಟಿಗೂ ಮೃದು. ನನಗೆ ಹಿಡಿಸಿದ ದೊಡ್ಡ ಗುಣ ಬಣ್ಣ: ಗುಲಾಬಿ ಮಾಸಿದರೆ ಬಲ ಹೋಯಿತೆಂದು ಕತ್ತಲಲ್ಲೂ ಟಾರ್ಚಿನ ಬೆಳಕಲ್ಲಿ ತಿಳಿಯುತ್ತದೆ. ಬ್ಲೀಚ್ ಆ ಸುಳಿವು ಕೊಡುವುದಿಲ್ಲ. ಗುಣದಲ್ಲಿ ಇದೇ ಮೇಲು ಎಂದು ಒಪ್ಪುತ್ತೇನೆ. ಆದರೆ ದುಬಾರಿ, ಪೆರ್ಲದ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ. ತಂಡಕ್ಕೆ ಯಾರಾದರೂ ಹಣ ಕೊಡುವವರಿದ್ದರೆ ಇದನ್ನೇ ತನ್ನಿ, ಒಬ್ಬರೇ ಹೋಗುವವರಿಗೆ ಬ್ಲೀಚ್ ಸಾಕು. ಶೇ. 70ರ ಸ್ಪಿರಿಟ್ ಅಳತೆಪಟ್ಟಿ, ಕತ್ತರಿ, ತಕ್ಕಡಿಗೆ ಸರಿ, ಬೂಟಿಗೆ ಅಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಕೆಲವರು ಈಗಲೂ ಹೇಳುತ್ತಾರೆ. ರಾನಾವೈರಸ್ ಮೇಲಿನ ಪರೀಕ್ಷೆಯಲ್ಲಿ ಅದು ಸೋತಿದೆ, ಬಿಟ್ಟುಬಿಡಿ.

ತೋಟದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲೇ ಬೂಟು ಅದ್ದಿದರಾಗದೇ? ಅದೂ ಶಿಲೀಂಧ್ರನಾಶಕವೇ ಅಲ್ಲವೇ? ಆಗದು. ಅದರಲ್ಲಿರುವ ಮೈಲುತುತ್ತಿನ ತಾಮ್ರ ಗೊದಮೊಟ್ಟೆಗಳಿಗೇ ವಿಷ.

ಬಲೆ, ಚೀಲ, ಕಾಲುಚೀಲಗಳಿಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಬಚ್ಚಲಿನ ಹಂಡೆ. 60 ಡಿಗ್ರಿಯ ನೀರಿನಲ್ಲಿ ಐದು ನಿಮಿಷ ಇಟ್ಟರೆ ಕೈಟ್ರಿಡ್ ಉಳಿಯದು. ವೈರಸ್ಸಿನ ಭಯವೂ ಇರುವುದರಿಂದ ನಾನು ಅರ್ಧ ಗಂಟೆ ಮುಳುಗಿಸುತ್ತೇನೆ. ಅಡಿಕೆ ಸಿಪ್ಪೆಯ ಬೆಂಕಿ ರಾತ್ರಿ ಹೇಗೂ ಇರುತ್ತದೆ. ಆದರೆ ಎರಡು ಜಾಗಗಳ ನಡುವೆ ಗುಡ್ಡೆಯ ಮೇಲೆ ಹಂಡೆ ಎಲ್ಲಿಂದ? ಅಲ್ಲಿ ಮತ್ತೆ ಬಕೆಟ್, ಬ್ರಶ್, ಬ್ಲೀಚೇ ಗತಿ.

ಇನ್ನು ಕಪ್ಪೆಯನ್ನು ಹಿಡಿಯುವುದು. ಗ್ಲೌಸಿಗಿಂತ ಜಿಪ್ ಚೀಲ ಮೇಲು. ಚೀಲವನ್ನು ಒಳಹೊರಗು ಮಾಡಿ ಕೈಗೆ ತೊಟ್ಟು ಹಿಡಿದು ಮಗುಚಿದರೆ ಕೈ ತಾಗುವುದೇ ಇಲ್ಲ. ಒಂದು ಕಪ್ಪೆಗೆ ಒಂದೇ ಚೀಲ. ರೋಗ ಪರೀಕ್ಷೆಗೆ ಕಡ್ಡಿಯಿಂದ ಚರ್ಮ ಒರೆಸಿ ಸ್ವ್ಯಾಬ್ ತೆಗೆಯುವಾಗ ಮಾತ್ರ ಪುಡಿಯಿಲ್ಲದ ಹೊಸ ಗ್ಲೌಸ್ ಬೇಕು, ಅದೂ ಪ್ರತಿ ಕಪ್ಪೆಗೆ ಬೇರೆ. ಲೇಟೆಕ್ಸ್ ಗೊದಮೊಟ್ಟೆಗಳಿಗೆ ಮಾರಕ, ತರಲೇಬೇಡಿ.

ಶಿಲೀಂಧ್ರ ಇದೆಯೇ ಎಂದು ತಿಳಿಯಲು ಸ್ವ್ಯಾಬೋ, ನೀರನ್ನು ಸೋಸಿ ಅದರ ಡಿಎನ್ಎ ಹುಡುಕುವುದೋ? ಇಲ್ಲಿ ನಮ್ಮ ನೆಲವೇ ತೀರ್ಪು ಕೊಡುತ್ತದೆ. ಮಳೆಗಾಲದ ಉಜಿರುಕಣಿಯ (ತೋಟದ ನೀರು ಬಸಿಯುವ ಕಾಲುವೆಯ) ನೀರು ಫಿಲ್ಟರಿಗೆ ಬಿದ್ದ ಕ್ಷಣದಲ್ಲಿ ಕಟ್ಟಿಕೊಳ್ಳುತ್ತದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಸುರಂಗದ ತಿಳಿನೀರು ಸರಾಗವಾಗಿ ಇಳಿಯುತ್ತದೆ. ಆದರೆ ಅದು ಹೇಳುವುದು ಶಿಲೀಂಧ್ರದ ಡಿಎನ್ಎ ನೀರಿನಲ್ಲಿದೆ ಎಂದಷ್ಟೇ. ಯಾವ ಕಪ್ಪೆಗೆ, ಎಷ್ಟು ಕಪ್ಪೆಗೆ ಅಂಟಿದೆ ಎಂದಲ್ಲ. ಅದಕ್ಕೆ ಸ್ವ್ಯಾಬೇ ಬೇಕು: ಹೊಟ್ಟೆ, ತೊಡೆಯ ಒಳಭಾಗ, ಬೆರಳ ಜಾಲಗಳ ಮೇಲೆ ತಲಾ ಐದು ಬಾರಿ ಒರೆಸಬೇಕು. ಗೊದಮೊಟ್ಟೆಯಾದರೆ ಬಾಯಿಯನ್ನು ಮಾತ್ರ, ಏಕೆಂದರೆ ಶಿಲೀಂಧ್ರಕ್ಕೆ ಬೇಕಾದ ಕೆರಾಟಿನ್ ಅದರಲ್ಲಿ ಅಲ್ಲಿ ಮಾತ್ರ ಇದೆ. ಸ್ವ್ಯಾಬನ್ನು ಒಣಗಿಸಿ ಇಡುವ ಪದ್ಧತಿ ನಮ್ಮ ತೇವಕ್ಕೆ ಒಗ್ಗಲಿಲ್ಲ, ಬೂಸ್ಟಿನ ಹೆದರಿಕೆ. ಸ್ಪಿರಿಟ್ಟಿನಲ್ಲಿಟ್ಟು ಐಸ್ ಪೆಟ್ಟಿಗೆಗೆ ಹಾಕುತ್ತೇನೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಎಂದೂ ಬಿಡುವುದಿಲ್ಲ.

ಕಾಡಿನೊಳಗೆ ಹೋಗುವುದಿದ್ದರೆ, ಕಪ್ಪೆ ಮುಟ್ಟುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೈಯಲ್ಲಿರಲಿ. ತೊರೆಯಲ್ಲಿ ಕೆಲಸ ಮಾಡುವಾಗ ಮೇಲಿನಿಂದ ಕೆಳಕ್ಕೆ ಬನ್ನಿ, ಕೆಳಗಿನ ಸೋಂಕನ್ನು ಮೇಲಕ್ಕೆ ಒಯ್ಯಬೇಡಿ. ಮುಗಿದ ಬ್ಲೀಚ್ ನೀರನ್ನು ಕಣಿಗೋ ಪಳ್ಳಕ್ಕೋ ಚೆಲ್ಲದೆ, ನೀರಿನಿಂದ ದೂರ, ಮಳೆನೀರು ಹರಿದು ಹೋಗದ ಎತ್ತರದ ಮಣ್ಣಿನ ಗುಂಡಿಗೆ ಸುರಿಯಿರಿ.