ಮೆಕ್ಕೆಜೋಳದ ತೇವಾಂಶ ಲೆಕ್ಕಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್: ಚಾರ್ಟ್ ಚೆನ್ನ, ಗುಂಪು ಮಾಡುವಾಗ ಹುಷಾರು

ದಾವಣಗೆರೆಯ ದಲ್ಲಾಳಿ ಅಂಗಡಿಯೊಂದರ ಆವಕ ಪಟ್ಟಿ ಅಂದುಕೊಳ್ಳಿ. ದಿನಾಂಕ, ತಾಲ್ಲೂಕು, ಕ್ವಿಂಟಲ್, ಮೀಟರ್ ತೋರಿಸಿದ ತೇವಾಂಶ, ಹೀಗೆ ನಾಲ್ಕು ಕಾಲಂ. ಜಗಳೂರಿನ ಮಾಲಲ್ಲಿ ಒಣ ಎಷ್ಟು ಪಾಲು, ಚನ್ನಗಿರಿಯದರಲ್ಲಿ ಹಸಿ ಎಷ್ಟು ಪಾಲು ಅಂತ ಒಂದೇ ನೋಟಕ್ಕೆ ಕಾಣಬೇಕು. ಇದಕ್ಕೆ ಬೇಕಾದ್ದು ಶೇಕಡಾವಾರು ಸ್ಟ್ಯಾಕ್ಡ್ ಬಾರ್ ಚಾರ್ಟ್, ಅಂದರೆ ಪ್ರತಿ ತಾಲ್ಲೂಕಿಗೆ ಒಂದೇ ಉದ್ದದ ಪಟ್ಟಿ, ಅದರೊಳಗೆ ಒಂದೊಂದು ಪಾಲಿಗೆ ಒಂದೊಂದು ಬಣ್ಣದ ತುಣುಕು. ಅದನ್ನು ಲಿಬ್ರೆಆಫೀಸಿನ ಸ್ಪ್ರೆಡ್‌ಶೀಟ್ ತಂತ್ರಾಂಶ ಕ್ಯಾಲ್ಕ್ ಬಿಟ್ಟಿಯಾಗಿ, ಚೊಕ್ಕವಾಗಿ ಮಾಡಿಕೊಡುತ್ತದೆ. ಆದರೆ ಗುಂಪು ತಪ್ಪಾಗಿದ್ದರೆ ಆ ತಪ್ಪನ್ನೂ ಅಷ್ಟೇ ಚೊಕ್ಕವಾಗಿ ಬಿಡಿಸಿ ತೋರಿಸುತ್ತದೆ.

ಐದನೇ ಕಾಲಮ್ಮಿನಲ್ಲಿ ಇಫ್ ಸೂತ್ರ ಹಾಕಿ ಗುಂಪು ಮಾಡಬೇಕು: ತೇವಾಂಶ ಶೇ 14ರವರೆಗೆ ಒಣ, 14 ದಾಟಿ 18ರವರೆಗೆ ಹಸಿ, ಅದರ ಮೇಲೆ ತೀರಾ ಹಸಿ. ಇಫ್ ಮೊದಲು ಹೊಂದಿದ ಶರತ್ತಿಗೇ ನಿಲ್ಲುತ್ತದೆ, ಹಾಗಾಗಿ ಚಿಕ್ಕ ಸಂಖ್ಯೆಯಿಂದ ಶುರುಮಾಡಿ. ಸರಿಯಾಗಿ 14 ಬಂದ ಲಾಟ್ ಯಾವ ಕಡೆ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. 'ಕಡಿಮೆ' ಮತ್ತು 'ಕಡಿಮೆ ಅಥವಾ ಸಮ' ಎಂಬ ಎರಡು ಗುರುತುಗಳ ನಡುವೆ ರೈತನ ಒಂದು ಲೋಡು ಅತ್ತಿತ್ತ ಆಗುತ್ತದೆ.

ಎಡವುವುದು ಇಲ್ಲೇ. ತೇವಾಂಶ ಬರೆಯದೆ ಖಾಲಿ ಬಿಟ್ಟ ಕೋಶವನ್ನು ಹೋಲಿಕೆಯಲ್ಲಿ ಕ್ಯಾಲ್ಕ್ ಸೊನ್ನೆ ಎಂದೇ ಎಣಿಸುತ್ತದೆ. ಸೊನ್ನೆ 14ಕ್ಕಿಂತ ಕಡಿಮೆ, ಅಂದಮೇಲೆ ಅಳತೆಯೇ ಆಗದ ಲಾಟ್ ಒಣ ಗುಂಪಿಗೆ! ಹುಡುಗ 16.2ರ ಮುಂದೆ ಶೇಕಡಾ ಚಿಹ್ನೆ ಒತ್ತಿದನೋ, ಕೋಶದೊಳಗೆ ಕೂರುವುದು 0.162, ಅದೂ ಒಣ. '13 ಇದೆ' ಅಂತ ಅಕ್ಷರ ಸೇರಿಸಿ ಬರೆದರೆ ಅದು ಪಠ್ಯ, ಮತ್ತು ಪಠ್ಯ ಎಲ್ಲ ಸಂಖ್ಯೆಗಿಂತ ದೊಡ್ಡದು ಎಂಬುದು ಕ್ಯಾಲ್ಕಿನ ನಿಯಮ, ಹಾಗಾಗಿ ಒಣಗಿದ ಮಾಲೂ ತೀರಾ ಹಸಿ ಆಗಿಬಿಡುತ್ತದೆ. ಮೂರಕ್ಕೂ ಒಂದೇ ಮದ್ದು: ಎಲ್ಲಕ್ಕಿಂತ ಮೊದಲ ಶರತ್ತಾಗಿ 'ಸಂಖ್ಯೆ ಅಲ್ಲದಿದ್ದರೆ, ಅಥವಾ 5ಕ್ಕಿಂತ ಕಡಿಮೆ ಇದ್ದರೆ, ತಪಾಸಣೆ' ಅಂತ ಹಾಕಿ. ಕಂಟ್ರೋಲ್ ಜೊತೆ ಎಫ್8 ಒತ್ತಿದರೆ ಸಂಖ್ಯೆಗಳು ನೀಲಿ, ಪಠ್ಯ ಕಪ್ಪು, ಸೂತ್ರ ಹಸಿರು. ಈ ಸೌಲಭ್ಯಕ್ಕೇ ಒಂದು ಅಂಕ ಹೆಚ್ಚು ಕೊಡಬಹುದು.

ಆಮೇಲೆ ಅಡ್ಡಪಟ್ಟಿ. ಸಾಲಿಗೆ ತಾಲ್ಲೂಕು, ಕಾಲಮ್ಮಿಗೆ ಗುಂಪು, ಒಳಗೆ ಸಮ್‌ಇಫ್ಸ್ (ಶರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡುವ ಸೂತ್ರ) ಹಾಕಿ ಕ್ವಿಂಟಲ್ ಮೊತ್ತ. ಲಾಟ್‌ಗಳನ್ನು ಬರೀ ಎಣಿಸುವ ಕೌಂಟ್‌ಇಫ್ಸ್ ಸಾಲದೇ ಅನ್ನುವವರಿಗೆ: ಎರಡೇ ಲಾಟ್, ಒಂದು ಒಣಗಿದ 5 ಕ್ವಿಂಟಲ್, ಇನ್ನೊಂದು ಹಸಿಯಾದ 45. ಎಣಿಸಿದರೆ ಅರ್ಧ ಒಣ, ತೂಗಿದರೆ ಹತ್ತನೇ ಒಂದು ಪಾಲು.

ಇದನ್ನೇ ಪಿವಟ್ ಟೇಬಲ್ಲಿನಲ್ಲೂ (ಸೂತ್ರ ಬರೆಯದೆ ಕ್ಯಾಲ್ಕೇ ಕಟ್ಟಿಕೊಡುವ ಅಡ್ಡಪಟ್ಟಿ) ಮಾಡಬಹುದು, ಆದರೆ ಅದು ತಾನಾಗಿ ಹೊಸದಾಗುವುದಿಲ್ಲ. ಇವತ್ತಿನ ಆವಕ ಸೇರಿಸಿ ರಿಫ್ರೆಶ್ ಮರೆತರೆ ನಿನ್ನೆಯ ಚಾರ್ಟೇ ಕೂತಿರುತ್ತದೆ. ಗುಂಪುಗಳನ್ನು ಅಕಾರಾದಿಯಲ್ಲಿ ಜೋಡಿಸುವುದರಿಂದ ಹೆಸರಿನ ಶುರುವಿನಲ್ಲೇ 1, 2, 3 ಹಾಕಿಕೊಳ್ಳಬೇಕು. ಪಿವಟ್‌ನ ಒಂದು ಗುಣ ಮಾತ್ರ ಮೆಚ್ಚಬೇಕು: 'ದಾವಣಗೆರೆ', 'ದಾವಣಗೇರೆ' ಅಂತ ಎರಡು ಥರ ಬರೆದಿದ್ದರೆ ಎರಡು ಸಾಲು ಬಂದು ತಪ್ಪು ಕಣ್ಣಿಗೆ ಬೀಳುತ್ತದೆ. ಸಮ್‌ಇಫ್ಸ್ ಸದ್ದಿಲ್ಲದೆ ಆ ಲಾಟನ್ನು ಬಿಟ್ಟುಬಿಡುತ್ತದೆ. ಡೇಟಾ ಮೆನುವಿನ ವ್ಯಾಲಿಡಿಟಿಯಲ್ಲಿ ತಾಲ್ಲೂಕುಗಳ ಪಟ್ಟಿ ಕಟ್ಟಿಬಿಡಿ, ಅಡ್ಡಪಟ್ಟಿಯ ಒಟ್ಟು ಮೂಲ ಕಾಲಮ್ಮಿನ ಒಟ್ಟಿಗೆ ತಾಳೆಯಾಗುತ್ತದೆಯೇ ನೋಡಿ.

ಚಾರ್ಟ್ ಎರಡು ನಿಮಿಷದ ಕೆಲಸ. ಇನ್ಸರ್ಟ್, ಚಾರ್ಟ್, ಬಾರ್, ಪರ್ಸೆಂಟ್ ಸ್ಟ್ಯಾಕ್ಡ್. ಡೇಟಾ ಸೀರೀಸ್ ಕಾಲಮ್ಮಿನಲ್ಲಿ. ಕನ್ನಡದ ಊರ ಹೆಸರು ನಿಂತ ಕಂಬದ ಕೆಳಗೆ ಓರೆಯಾಗಿ ತುರುಕಿಕೊಳ್ಳುತ್ತವೆ, ಅದಕ್ಕೇ ನಿಂತ ಕಾಲಂ ಚಾರ್ಟ್ ಬೇಡ, ಮಲಗಿದ ಬಾರ್ ಇರಲಿ. ಮೊದಲ ತಾಲ್ಲೂಕು ಕೆಳಗೆ ಹೋಗಿ ಕೂರುತ್ತದೆ. ಅಕ್ಷದ ದಿಕ್ಕು ತಿರುಗಿಸಿದರೆ ಸರಿ. ಒಟ್ಟು ಕಾಲಂ ಮಾತ್ರ ಆಯ್ಕೆಯೊಳಗೆ ಬರಬಾರದು. ಬಂದರೆ ಪ್ರತಿ ಬಾರಿನ ಸರಿಯಾಗಿ ಅರ್ಧ ಒಂದೇ ಬಣ್ಣವಾಗಿ, ಉಳಿದ ಪಾಲೆಲ್ಲ ಅರ್ಧಕ್ಕಿಳಿದಿರುತ್ತದೆ. ಹಾಗೆ ಕಂಡ ಕೂಡಲೇ ಕಾರಣ ಇದೇ ಎಂದು ತಿಳಿಯಿರಿ.

ಕ್ಯಾಲ್ಕ್ ಗೆಲ್ಲುವುದು ಲೇಬಲ್ಲಿನಲ್ಲಿ. ಡೇಟಾ ಲೇಬಲ್ಸ್‌ನಲ್ಲಿ 'ಸಂಖ್ಯೆಯಾಗಿ' ತೆಗೆದು 'ಶೇಕಡಾವಾರು' ಟಿಕ್ ಮಾಡಿದರೆ ಬಾರಿನ ಮೇಲೆ ನೇರ ಶೇಕಡಾ ಬರುತ್ತದೆ. ಎಕ್ಸೆಲ್ಲಿನಲ್ಲಿ ಬಾರ್ ಚಾರ್ಟಿಗೆ ಆ ಆಯ್ಕೆಯಿಲ್ಲ. 100% ಸ್ಟ್ಯಾಕ್ಡ್ ಆದರೂ ಕಾಣುವುದು ಕ್ವಿಂಟಲ್ಲೇ, ಶೇಕಡಾಕ್ಕೆ ಬೇರೆ ಪಟ್ಟಿ ಕಟ್ಟಬೇಕು. ಕ್ಯಾಲ್ಕಿನಲ್ಲೂ ಶೇ 3, 4ರ ತುಣುಕುಗಳ ಮೇಲೆ ಲೇಬಲ್ ಒತ್ತೊತ್ತಾಗುತ್ತವೆ, ಅವನ್ನು ಕೈಯಾರೆ ಅಳಿಸಬೇಕು.

ಎಲ್ಲ ಬಾರೂ ಒಂದೇ ಉದ್ದ ಇರುವುದರಿಂದ 50 ಕ್ವಿಂಟಲ್ ಬಂದ ತಾಲ್ಲೂಕೂ 5,000 ಬಂದದ್ದೂ ಸಮನಾಗಿ ಕಾಣುತ್ತವೆ. ತಾಲ್ಲೂಕಿನ ಹೆಸರಿನ ಕೋಶದಲ್ಲೇ ಒಟ್ಟನ್ನು ಜೋಡಿಸಿ, 'ನ್ಯಾಮತಿ, 50 ಕ್ವಿಂ' ಅಂತ ಅಕ್ಷದ ಮೇಲೆ ಬರುವಂತೆ ಮಾಡಿ. ಒಟ್ಟಾರೆ ಕ್ಯಾಲ್ಕಿಗೆ ಐದಕ್ಕೆ ನಾಲ್ಕು ಅಂಕ. ಹೋದ ಒಂದು ಪಿವಟ್‌ನ ಆ ರಿಫ್ರೆಶ್‌ಗೆ. ಚಾರ್ಟನ್ನು ಬೇರೆಯವರಿಗೆ ಕಳಿಸುವಾಗ ಎಕ್ಸೆಲ್ ಫೈಲ್ ಮಾಡದೆ ಪಿಡಿಎಫ್ ಮಾಡಿ ಕಳಿಸಿ, ಶೇಕಡಾ ಲೇಬಲ್ ಹಾಗೇ ಉಳಿಯುತ್ತದೆ.